ಪ್ರತಿವಿಷ ಇಲ್ಲ ಅಂದರೆ ಚಿಕಿತ್ಸೆ ಇಲ್ಲ ಅಂತಲ್ಲ: ಚಿಪ್ಪುಮೀನಿನ ವಿಷದ ಬಗ್ಗೆ ಒಂದು ಬಹಿರಂಗ ಪತ್ರ

ಕಡಲ ತೀರವಿರುವ ನಾಡುಗಳ ಆರೋಗ್ಯ ಇಲಾಖೆಗಳನ್ನು ನಡೆಸುವವರಿಗೆ, ಔಷಧ ಸಂಶೋಧನೆಗೆ ಹಣ ಹಂಚುವವರಿಗೆ,

ನಮಸ್ಕಾರ.

ನಾನು ತೀವ್ರ ನಿಗಾ ಘಟಕದಲ್ಲಿ ಬಹಳ ವರ್ಷ ಕೆಲಸ ಮಾಡಿದ ನರ್ಸ್. ವೆಂಟಿಲೇಟರಿನ ಬೀಪ್ ಸದ್ದು ಈಗಲೂ ಒಮ್ಮೊಮ್ಮೆ ನಿದ್ದೆಯಲ್ಲಿ ಕೇಳಿಸುತ್ತದೆ. ಈ ಪತ್ರ ಬರೆಯಲು ಕಾರಣ ಒಂದೇ ಒಂದು ಸಾಲು. ಚಿಪ್ಪುಮೀನು ತಿಂದು ಬರುವ ಲಕ್ವದ ಬಗ್ಗೆ ಓದಲು ಕೂತರೆ ಆ ಸಾಲು ಪದೇ ಪದೇ ಕಣ್ಣಿಗೆ ಬೀಳುತ್ತದೆ: 'ಇದಕ್ಕೆ ಪ್ರತಿವಿಷ ಇಲ್ಲ.'

ಸಾಲು ಸುಳ್ಳಲ್ಲ. ಆದರೆ ಓದುವವರ ತಲೆಯಲ್ಲಿ ಅದು 'ಇದಕ್ಕೆ ಏನೂ ಮಾಡೋಕಾಗಲ್ಲ' ಅಂತ ಕೂತುಬಿಡುತ್ತದೆ. ಮನೆಯವರು ಮಾತ್ರ ಅಲ್ಲ, ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ಹೊಸ ಡಾಕ್ಟರೂ ಹಾಗೇ ಓದಿಕೊಳ್ಳಬಹುದು. ಹಣ ಹಂಚುವ ನೀವೂ ಹಾಗೇ ಓದಿಕೊಂಡಿದ್ದೀರಿ ಎಂಬ ಅನುಮಾನ ನನಗಿದೆ. ಅದಕ್ಕೇ ಈ ಪತ್ರ.

ಮೊದಲು ವಿಷದ ಮಾತು. ಕಡಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳಿವೆ. ಅಲೆಕ್ಸಾಂಡ್ರಿಯಂ, ಪೈರೊಡಿನಿಯಂ, ಜಿಮ್ನೊಡಿನಿಯಂ ಎಂಬ ಗುಂಪುಗಳ ಕೆಲವು ಜಾತಿಗಳು ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ಮಾಡುತ್ತವೆ. ಕಪ್ಪೆಚಿಪ್ಪು, ಪಚ್ಚಿಲೆ, ಸಿಂಪಿ ಇವೆಲ್ಲ ನೀರು ಸೋಸಿ ತಿನ್ನುವ ಪ್ರಾಣಿಗಳು. ಪಾಚಿ ಹೆಚ್ಚಿದಾಗ ವಿಷ ಅವುಗಳ ಮೈಯಲ್ಲಿ ಸೇರಿಕೊಳ್ಳುತ್ತದೆ. ಅವುಗಳಿಗೆ ಅಷ್ಟೇನೂ ತೊಂದರೆ ಇಲ್ಲ. ತಿಂದವರಿಗೆ ತೊಂದರೆ. ಬೇಯಿಸಿದರೆ ಹೋಗುವುದಿಲ್ಲ, ಹೆಪ್ಪುಗಟ್ಟಿಸಿದರೂ ಹೋಗುವುದಿಲ್ಲ. ರುಚಿ, ವಾಸನೆ ಯಾವುದರಲ್ಲೂ ಗೊತ್ತಾಗುವುದಿಲ್ಲ.

ತಿಂದ ಅರ್ಧ ಗಂಟೆಯಲ್ಲೋ, ಒಂದೆರಡು ಗಂಟೆಯಲ್ಲೋ ತುಟಿ ಜುಮ್ಮೆನ್ನುತ್ತದೆ. ನಾಲಿಗೆ ಮರಗಟ್ಟುತ್ತದೆ. ಆಮೇಲೆ ಮುಖ, ಬೆರಳ ತುದಿ. ಗಾಳಿಯಲ್ಲಿ ತೇಲಿದ ಹಾಗಿದೆ ಎಂದು ಎಷ್ಟೋ ರೋಗಿಗಳು ಹೇಳುತ್ತಾರೆ. ವಿಷ ಕಡಿಮೆ ಇದ್ದರೆ ಇಷ್ಟಕ್ಕೇ ಮುಗಿಯುತ್ತದೆ. ಜಾಸ್ತಿ ಇದ್ದರೆ ಮಾತು ತೊದಲುತ್ತದೆ, ನುಂಗಲು ಆಗುವುದಿಲ್ಲ, ಕೈಕಾಲು ಸೋಲುತ್ತವೆ. ಕೊನೆಗೆ ಎದೆಯ ಸ್ನಾಯು, ವಪೆ (ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯು) ಸುಮ್ಮನಾಗುತ್ತವೆ. ಸಾವು ಬರುವುದು ಹೆಚ್ಚಾಗಿ ಮೊದಲ 12 ಗಂಟೆಗಳಲ್ಲಿ, ಉಸಿರು ನಿಂತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ವಿಷ ನರವನ್ನು ಸುಡುವುದಿಲ್ಲ, ಕೊಳೆಸುವುದಿಲ್ಲ. ನರದಲ್ಲಿ ಸುದ್ದಿ ಓಡಬೇಕಾದರೆ ಸೋಡಿಯಂ ಒಳಗೆ ನುಗ್ಗಬೇಕು. ಅದಕ್ಕೆ ನರದ ಗೋಡೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ. ಸ್ಯಾಕ್ಸಿಟಾಕ್ಸಿನ್ ಹೊರಗಿನಿಂದ ಬಂದು ಆ ಬಾಗಿಲಿಗೆ ಬಿರಡೆ ಹಾಕಿದ ಹಾಗೆ ಕೂರುತ್ತದೆ. ಅಷ್ಟೇ. ಬಿರಡೆ ಕಳಚಿದರೆ ಬಾಗಿಲು ಮೊದಲಿನ ಹಾಗೇ ಕೆಲಸ ಮಾಡುತ್ತದೆ. ಕಳಚಿದ ವಿಷ ಮೂತ್ರದಲ್ಲಿ ಹೋಗುತ್ತದೆ. ಅಲಾಸ್ಕದಲ್ಲಿ ಈ ವಿಷ ತಗುಲಿದವರ ರಕ್ತ, ಮೂತ್ರ ಪರೀಕ್ಷಿಸಿ 1997ರಲ್ಲಿ ಒಂದು ವರದಿ ಪ್ರಕಟಿಸಿದರು. ಉಸಿರಾಟವೇ ನಿಲ್ಲುವ ಮಟ್ಟಕ್ಕೆ ಹೋದವರ ರಕ್ತದಲ್ಲೂ 24 ಗಂಟೆಯೊಳಗೆ ವಿಷ ಇಲ್ಲವಾಗಿತ್ತು.

ಅಂದರೆ ಇದು ಕಾಲದ ಜೊತೆಗಿನ ಓಟ. ದೇಹಕ್ಕೆ ತನ್ನನ್ನು ತಾನು ತೊಳೆದುಕೊಳ್ಳುವುದು ಗೊತ್ತಿದೆ, ಒಂದು ದಿನ ಬೇಕು ಅಷ್ಟೇ. ಆ ಒಂದು ದಿನ ಯಾರಾದರೂ ಅದರ ಪರವಾಗಿ ಉಸಿರಾಡಬೇಕು. ಆ ಕೆಲಸಕ್ಕೆ ನಮ್ಮಲ್ಲಿ ಯಂತ್ರವಿದೆ, ಹೆಸರು ವೆಂಟಿಲೇಟರ್. ಇಷ್ಟಿದ್ದೂ 'ಚಿಕಿತ್ಸೆ ಇಲ್ಲ' ಅನ್ನುವುದು ಯಾವ ನ್ಯಾಯ? ಬೇರೆ ಎಷ್ಟೋ ವಿಷಗಳಲ್ಲಿ ನಮಗೆ ಇಷ್ಟು ಒಳ್ಳೆಯ ಅವಕಾಶ ಸಿಗುವುದಿಲ್ಲ. ಮೂತ್ರಪಿಂಡ ಹೋಗುತ್ತದೆ, ಯಕೃತ್ತು ಹೋಗುತ್ತದೆ, ಉಳಿದವರೂ ಜೀವನಪೂರ್ತಿ ನರಳುತ್ತಾರೆ. ಇಲ್ಲಿ ಮೊದಲ ದಿನ ದಾಟಿದವರು ಸಾಮಾನ್ಯವಾಗಿ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಒಂದಷ್ಟು ದಿನ ನಿಶ್ಶಕ್ತಿ ಉಳಿಯುತ್ತದೆ, ಅಷ್ಟೇ.

ಒಂದು ದಿನ ದಾಟಿಸುವವರು ಇಲ್ಲದಿದ್ದರೆ ಏನಾಗುತ್ತದೆ? 1987ರಲ್ಲಿ ಗ್ವಾಟೆಮಾಲದ ಪೆಸಿಫಿಕ್ ತೀರದಲ್ಲಿ ಕಪ್ಪೆಚಿಪ್ಪಿನ ಸೂಪ್ ಕುಡಿದ 187 ಮಂದಿಗೆ ವಿಷವಾಯಿತು. 26 ಮಂದಿ ಸತ್ತರು. ದೊಡ್ಡವರಲ್ಲಿ ಸತ್ತವರು ನೂರಕ್ಕೆ 7. ಆರು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 50. ಈ ಎರಡನೇ ಅಂಕಿಯನ್ನು ಇನ್ನೊಮ್ಮೆ ಓದಿ. ಮಗುವಿನ ಮೈ ಚಿಕ್ಕದು, ಒಂದೇ ಬಟ್ಟಲಿನ ಸೂಪು ಅದಕ್ಕೆ ಎಷ್ಟೋ ಪಟ್ಟು ವಿಷ. ಆ ತೀರದ ಮಕ್ಕಳಿಗೆ ಬೇಕಿದ್ದದ್ದು ಯಾವುದೋ ಪ್ರಯೋಗಾಲಯದಲ್ಲಿರುವ ಮಾಯದ ಮದ್ದಲ್ಲ. ಹತ್ತಿರದಲ್ಲೇ ಒಂದು ಆಂಬು ಬ್ಯಾಗು, ಮಗುವಿನ ಮುಖಕ್ಕೆ ಹೊಂದುವ ಮಾಸ್ಕು, ಅದನ್ನು ಬಿಡದೆ ಒತ್ತುವ ಎರಡು ಕೈ.

ಆಂಬು ಬ್ಯಾಗ್ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಅದು ಕೈಯಲ್ಲಿ ಹಿಡಿಯುವ ಒಂದು ರಬ್ಬರ್ ಬುಗ್ಗೆಯಂಥದ್ದು. ಒತ್ತಿದರೆ ಗಾಳಿ ರೋಗಿಯ ಶ್ವಾಸಕೋಶಕ್ಕೆ ಹೋಗುತ್ತದೆ. ಕರೆಂಟು ಬೇಡ. ಕೈ ಬದಲಿಸುತ್ತಾ ಗಂಟೆಗಟ್ಟಲೆ ಒತ್ತಬಹುದು, ನಾನು ಒತ್ತಿದ್ದೇನೆ. ಬೆರಳು ಸೋತು ಹೋಗುತ್ತದೆ, ಆದರೆ ರೋಗಿ ಉಳಿಯುತ್ತಾನೆ. ವೆಂಟಿಲೇಟರ್ ಇರುವ ಆಸ್ಪತ್ರೆ ದೂರದಲ್ಲಿದ್ದರೆ ಆ ದಾರಿ ಸಾಗಿಸಲು ಇದೇ ಗತಿ.

ಆಸ್ಪತ್ರೆಯ ಒಳಗಿನ ಕೆಲಸವೂ ಅಂಥ ಗೂಢವಿದ್ಯೆ ಏನಲ್ಲ. ಬೇಗ ಬಂದವರಿಗೆ, ನುಂಗಲು ಇನ್ನೂ ಆಗುತ್ತಿದ್ದರೆ, ಆಕ್ಟಿವೇಟೆಡ್ ಇದ್ದಿಲು ಕೊಡುತ್ತಾರೆ. ಹೊಟ್ಟೆಯಲ್ಲಿ ಉಳಿದ ವಿಷವನ್ನು ಅದು ಹಿಡಿದುಕೊಳ್ಳಲಿ ಎಂದು. ಮೂತ್ರ ಚೆನ್ನಾಗಿ ಹೋಗಲಿ ಎಂದು ಡ್ರಿಪ್ ಹಾಕುತ್ತಾರೆ. ರಕ್ತದೊತ್ತಡ ನೋಡುತ್ತಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ ಉಸಿರಾಟ ನೋಡುತ್ತಿರುತ್ತಾರೆ, ಸೋಲುವ ಲಕ್ಷಣ ಕಂಡ ಕೂಡಲೇ ಗಂಟಲಿಗೆ ಟ್ಯೂಬ್ ಹಾಕುತ್ತಾರೆ. ಉಸಿರು ನಿಂತ ಮೇಲಲ್ಲ, ನಿಲ್ಲುವ ಮೊದಲೇ. 'ಬರೀ ತುಟಿ ಜುಮ್ಮೆನ್ನುತ್ತಿದೆ, ಮನೆಗೆ ಹೋಗಿ ಮಲಗಿ' ಎಂದು ಕಳಿಸುವುದು ಇಲ್ಲಿ ಆಗಬಾರದ ತಪ್ಪು.

ಇನ್ನೊಂದು ಸಂಗತಿ ಡಾಕ್ಟರುಗಳಿಗಿಂತ ಜಾಸ್ತಿ ನರ್ಸುಗಳಿಗೆ ಗೊತ್ತು. ಈ ರೋಗಿಗೆ ಪ್ರಜ್ಞೆ ಇರುತ್ತದೆ! ಕಣ್ಣು ಬಿಡಲಾಗುವುದಿಲ್ಲ, ಬೆರಳು ಆಡಿಸಲಾಗುವುದಿಲ್ಲ, ಕೆಮ್ಮಲೂ ಆಗುವುದಿಲ್ಲ. ಆದರೆ ಕಿವಿ ಕೇಳುತ್ತಿರುತ್ತದೆ. ಮೇಲಿಂದ ನೋಡಿದರೆ ಮಿದುಳೇ ಸತ್ತಿದೆ ಎನ್ನಿಸುವಷ್ಟು ಸುಮ್ಮನೆ ಬಿದ್ದಿರುತ್ತಾರೆ. ಅವರ ತಲೆದೆಸೆಯಲ್ಲಿ ನಿಂತು 'ಇವರದು ಮುಗಿಯಿತು ಬಿಡಿ' ಎಂದು ಮಾತಾಡುವವರನ್ನು ನೆನೆಸಿಕೊಳ್ಳಿ. ಬೇರೆ ಕಾಯಿಲೆಗಳಿಂದ ಹೀಗೆ ಮೈ ಸೋತು ಮಲಗಿದ್ದವರು ಎದ್ದ ಮೇಲೆ ನಮಗೆ ಹೇಳಿದ್ದಾರೆ, ಯಾರು ಏನಂದರು ಅಂತ. ಕೆಲವು ಮಾತು ಕೇಳಿ ನಾಚಿಕೆಯಾಗಿದೆ. ಹಾಗಾಗಿ ನಿಮ್ಮ ಚಿಕಿತ್ಸಾ ಕೈಪಿಡಿಯಲ್ಲಿ ಎರಡು ಸಾಲು ಸೇರಿಸಿ: ರೋಗಿಯ ಜೊತೆ ಮಾತಾಡುತ್ತಿರಿ, ವೆಂಟಿಲೇಟರಿನಲ್ಲಿರುವಾಗ ನಿದ್ದೆಯ ಔಷಧ ಕೊಡಿ. ಮೊದಲ ದಿನವೇ ಮಿದುಳಿನ ಬಗ್ಗೆ ತೀರ್ಮಾನಕ್ಕೆ ಬರಬೇಡಿ ಅಂತಲೂ ಬರೆಯಿರಿ.

ಹಳೆಯ ಕಥೆಯೊಂದು ಇಲ್ಲಿ ನೆನಪಾಗುತ್ತದೆ. 1793ರ ಜೂನ್ 15ರಂದು ಜಾರ್ಜ್ ವ್ಯಾಂಕೂವರ್ ಎಂಬ ನಾವಿಕನ ಯಾತ್ರೆಯಲ್ಲಿದ್ದವರು ಈಗಿನ ಬ್ರಿಟಿಷ್ ಕೊಲಂಬಿಯಾದ ತೀರದಲ್ಲಿ ಬೆಳಿಗ್ಗೆ ಪಚ್ಚಿಲೆ ತಿಂದರು. ಹಲವರ ಮುಖ, ಕೈಕಾಲು ಮರಗಟ್ಟಿದವು. ಜಾನ್ ಕಾರ್ಟರ್ ಎಂಬಾತ ಅದೇ ದಿನ ಸತ್ತ. ಉಳಿದವರಿಗೆ ಬಿಸಿನೀರು ಕುಡಿಸಿ ವಾಂತಿ ಮಾಡಿಸಿದರು. ಆ ಜಾಗಕ್ಕೆ ಪಾಯ್ಸನ್ ಕೋವ್, ಹತ್ತಿರದ ಕೊಲ್ಲಿಗೆ ಕಾರ್ಟರ್ ಬೇ ಅಂತ ಹೆಸರಿಟ್ಟರು, ಅದೇ ಹೆಸರು ಈಗಲೂ ಇದೆ. ಆಗ ಅವರಿಗೆ ತೋಚಿದ್ದು ಬಿಸಿನೀರು. ಇವತ್ತು ಅದನ್ನೂ ಮಾಡಬೇಡಿ ಅನ್ನುತ್ತೇವೆ, ಯಾಕೆಂದರೆ ನುಂಗುವ ಶಕ್ತಿ ಹೋದವರಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನಾಲಿಗೆ ಮರಗಟ್ಟಿದ ಮೇಲೆ ಮನೆಯಲ್ಲಿ ಬಾಯಿಗೆ ಏನೂ ಹಾಕಬಾರದು. ಹುಳಿ ಕುಡಿಸಿದರೆ ವಿಷ ಇಳಿಯುತ್ತದೆ ಅನ್ನುವವರೂ ಇದ್ದಾರೆ. ಸ್ಯಾಕ್ಸಿಟಾಕ್ಸಿನ್ ಹುಳಿಯಲ್ಲಿ ಇನ್ನೂ ಗಟ್ಟಿಯಾಗಿ ಉಳಿಯುವ ವಿಷ, ಅದಕ್ಕೆ ಹುಳಿಯ ಭಯ ಇಲ್ಲ.

ಇದು ಮೊದಲ ಅರ್ಧ. ಎರಡನೆಯ ಅರ್ಧ ಹಣ ಹಂಚುವವರಿಗೆ. ನಿಜವಾದ ಪ್ರತಿವಿಷ ಸಾಧ್ಯವೇ? ಸಾಧ್ಯ ಅನ್ನಲು ಕಾರಣಗಳಿವೆ. ಕೆಲಸ ಶುರುವಾಗಿದೆ, ಅರ್ಧದಲ್ಲಿ ನಿಂತಿದೆ.

ಒಂದು ದಾರಿ 4-ಅಮಿನೋಪಿರಿಡಿನ್ ಎಂಬ ಔಷಧ. ಇದು ಸೋಡಿಯಂ ಬಾಗಿಲಿನ ಬಿರಡೆಯನ್ನು ಮುಟ್ಟುವುದೇ ಇಲ್ಲ. ಪಕ್ಕದಲ್ಲಿರುವ ಪೊಟ್ಯಾಸಿಯಂ ಬಾಗಿಲನ್ನು ಮುಚ್ಚುತ್ತದೆ. ಅದರಿಂದ ನರದಲ್ಲಿ ಉಳಿದಿರುವ ಅಷ್ಟಿಷ್ಟು ಸುದ್ದಿ ಜಾಸ್ತಿ ಹೊತ್ತು ನಿಲ್ಲುತ್ತದೆ, ಸ್ನಾಯುವಿಗೆ ಬಲವಾಗಿ ತಲುಪುತ್ತದೆ. ದನಿ ಕ್ಷೀಣಿಸಿದವರ ಮುಂದೆ ಮೈಕು ಹಿಡಿದ ಹಾಗೆ. 1990ರ ದಶಕದಲ್ಲಿ ಗಿನಿಯಿಲಿಗಳಿಗೆ ಸ್ಯಾಕ್ಸಿಟಾಕ್ಸಿನ್ ಕೊಟ್ಟು, ಉಸಿರು ನಿಂತಾಗ ಯಂತ್ರದಿಂದ ಉಸಿರು ಕೊಟ್ಟು, ಆಮೇಲೆ ಈ ಔಷಧ ಕೊಟ್ಟರು. ವಪೆ ಮತ್ತೆ ಆಡಿತು, ಹೃದಯದ ಕೆಲಸ ಸುಧಾರಿಸಿತು. ಇದು ಹೊಸ ರಾಸಾಯನಿಕವೂ ಅಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಇರುವವರ ನಡಿಗೆ ಸುಧಾರಿಸಲು ಅಮೆರಿಕದಲ್ಲಿ 2010ರಿಂದ ಇದರ ಮಾತ್ರೆಗೆ ಒಪ್ಪಿಗೆ ಇದೆ. ಅಂದರೆ ಮನುಷ್ಯರಿಗೆ ಕೊಟ್ಟು ಅಭ್ಯಾಸವಿರುವ ಔಷಧ. ಡೋಸ್ ಹೆಚ್ಚಾದರೆ ಫಿಟ್ಸ್ ಬರುತ್ತದೆ ಎಂಬುದೂ ಗೊತ್ತಿದೆ. ಹಾಗಂತ ನಾಳೆಯೇ ಯಾರಾದರೂ ರೋಗಿಗೆ ಮಾತ್ರೆ ಕೊಡಲಿ ಅಂತ ನಾನು ಹೇಳುತ್ತಿಲ್ಲ, ಖಂಡಿತ ಬೇಡ. ಇಲಿಯಿಂದ ಮನುಷ್ಯನವರೆಗಿನ ದಾರಿ ಸವೆಸಲು ಯಾರೂ ಯಾಕೆ ಮುಂದೆ ಬರಲಿಲ್ಲ ಅಂತ ಕೇಳುತ್ತಿದ್ದೇನೆ.

ಎರಡನೆಯ ದಾರಿ ನಮಗೆಲ್ಲ ಪರಿಚಯದ್ದೇ. ಹಾವಿನ ವಿಷಕ್ಕೆ ಕುದುರೆಯಿಂದ ಪ್ರತಿವಿಷ ತೆಗೆಯುವ ಹಾಗೆ, ಸ್ಯಾಕ್ಸಿಟಾಕ್ಸಿನ್‌ಗೆ ಕತ್ತೆಯಿಂದ ತೆಗೆದರು. ಹೌದು, ಕತ್ತೆಯಿಂದಲೇ. ಸ್ಯಾಕ್ಸಿಟಾಕ್ಸಿನ್ ಅಣು ಎಷ್ಟು ಸಣ್ಣದೆಂದರೆ ದೇಹ ಅದನ್ನು ಶತ್ರು ಅಂತ ಗುರುತಿಸುವುದೇ ಇಲ್ಲ. ಹಾಗಾಗಿ ಅದನ್ನು ಒಂದು ದೊಡ್ಡ ಪ್ರೋಟೀನಿಗೆ ಅಂಟಿಸಿ ಚುಚ್ಚಬೇಕು. ಹಾಗೆ ಚುಚ್ಚಿದ ಮೇಲೆ ಕತ್ತೆಯ ರಕ್ತದಲ್ಲಿ ಹುಟ್ಟುವ ಪ್ರತಿಕಾಯ (ವಿಷವನ್ನು ಹಿಡಿದುಕೊಳ್ಳುವ ಪ್ರೋಟೀನ್) ಮತ್ತು ಆಮ್ಲಜನಕ ಎರಡನ್ನೂ ಕೊಟ್ಟಾಗ ಉಸಿರು ನಿಲ್ಲುವ ಹಂತಕ್ಕೆ ಹೋಗಿದ್ದ ಗಿನಿಯಿಲಿಗಳು ಚೇತರಿಸಿಕೊಂಡವು. ಇಲ್ಲೊಂದು ತೊಡಕಿದೆ. ಸ್ಯಾಕ್ಸಿಟಾಕ್ಸಿನ್ ಒಂಟಿಯಲ್ಲ, ಅದಕ್ಕೆ 50ಕ್ಕಿಂತ ಹೆಚ್ಚು ದಾಯಾದಿಗಳಿದ್ದಾರೆ. ನಿಯೋಸ್ಯಾಕ್ಸಿಟಾಕ್ಸಿನ್, ಗೋನಿಯೋಟಾಕ್ಸಿನ್‌ಗಳು ಹೀಗೆ. ಒಂದನ್ನು ಬಿಗಿಯಾಗಿ ಹಿಡಿಯುವ ಪ್ರತಿಕಾಯ ಇನ್ನೊಂದನ್ನು ಸಡಿಲವಾಗಿ ಹಿಡಿಯುತ್ತದೆ. ತಟ್ಟೆಗೆ ಬರುವ ಚಿಪ್ಪುಮೀನಿನಲ್ಲಿ ಇವೆಲ್ಲ ಬೆರೆತೇ ಇರುತ್ತವೆ. ಹಾಗಾಗಿ ಒಂದೇ ಪ್ರತಿಕಾಯ ಸಾಲದು, ಹಲವು ಬೆರಸಬೇಕಾಗಬಹುದು.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಅಮೆರಿಕದ ಬುಲ್‌ಫ್ರಾಗ್ ಎಂಬ ದೊಡ್ಡ ಕಪ್ಪೆಯ ರಕ್ತದಲ್ಲಿ ಸ್ಯಾಕ್ಸಿಫಿಲಿನ್ ಎಂಬ ಪ್ರೋಟೀನ್ ಇದೆ. ನಮ್ಮ ರಕ್ತದಲ್ಲಿ ಕಬ್ಬಿಣ ಹೊತ್ತು ತಿರುಗುವ ಟ್ರಾನ್ಸ್‌ಫೆರಿನ್‌ಗೆ ಅದು ನೆಂಟ. ಆದರೆ ಹಿಡಿಯುವುದು ಕಬ್ಬಿಣವನ್ನಲ್ಲ, ಸ್ಯಾಕ್ಸಿಟಾಕ್ಸಿನ್‌ನ್ನು. ಸ್ಪಂಜು ನೀರು ಹೀರಿದ ಹಾಗೆ ವಿಷ ಹೀರಿಕೊಳ್ಳುತ್ತದೆ. ಅದು ವಿಷವನ್ನು ಹೇಗೆ ಅಪ್ಪಿ ಹಿಡಿಯುತ್ತದೆ ಎಂಬ ಚಿತ್ರ 2019ರಲ್ಲಿ ಸಿಕ್ಕಿತು. ಸೋಡಿಯಂ ಬಾಗಿಲಿಗೆ ಕೂತ ವಿಷವನ್ನು ಸ್ಯಾಕ್ಸಿಫಿಲಿನ್ ಸೆಳೆದುಕೊಂಡು ಬಾಗಿಲನ್ನು ಮತ್ತೆ ಕೆಲಸಕ್ಕೆ ತರಬಲ್ಲದು ಎಂದು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಕಪ್ಪೆಯ ಪ್ರೋಟೀನನ್ನು ಹಾಗೇ ಮನುಷ್ಯನ ರಕ್ತಕ್ಕೆ ಸುರಿಯಲಾಗುವುದಿಲ್ಲ, ದೇಹ ತಿರುಗಿ ಬೀಳಬಹುದು. ಆದರೆ ಅದನ್ನು ನೋಡಿ ಕಲಿತು ಸಣ್ಣದೊಂದು ಸ್ಪಂಜು ಮಾಡಬಹುದಲ್ವಾ?

ಇವು ಯಾಕೆ ಮುಂದೆ ಹೋಗಲಿಲ್ಲ ಅಂದರೆ ಉತ್ತರ ಎಲ್ಲರಿಗೂ ಗೊತ್ತು. ರೋಗಿಗಳು ಕಡಿಮೆ. ಇರುವವರೂ ಅಲ್ಲಲ್ಲಿ ಚದುರಿದ್ದಾರೆ, ತಾವೇ ಹಿಡಿದದ್ದನ್ನು ತಾವೇ ತಿನ್ನುವ ಬಡವರು ಅವರಲ್ಲಿ ಬಹಳ. ಕಂಪನಿಗೆ ಇದರಲ್ಲಿ ಲಾಭ ಇಲ್ಲ. ಮನುಷ್ಯರ ಮೇಲೆ ಪರೀಕ್ಷೆ ಮಾಡುವುದೂ ಕಷ್ಟ, ಬೇಕಂತಲೇ ಯಾರಿಗೂ ಈ ವಿಷ ಕೊಡಲಾಗುವುದಿಲ್ಲ. ಸರಿ, ಒಪ್ಪಿದೆ. ಆದರೆ ಆ ಕೊನೆಯ ತೊಡಕಿಗೆ ಅಮೆರಿಕದ ಔಷಧ ಇಲಾಖೆ 2002ರಲ್ಲೇ ದಾರಿ ಮಾಡಿದೆ. ಮನುಷ್ಯರ ಮೇಲೆ ಪರೀಕ್ಷಿಸುವುದು ಅನ್ಯಾಯವಾಗುವಂಥ ವಿಷಗಳಿಗೆ, ಪ್ರಾಣಿಗಳಲ್ಲಿ ಸರಿಯಾದ ಸಾಕ್ಷಿ ಸಿಕ್ಕಿ ಮನುಷ್ಯರಲ್ಲಿ ಸುರಕ್ಷತೆ ತೋರಿಸಿದರೆ ಒಪ್ಪಿಗೆ ಕೊಡಬಹುದು ಎಂಬ ನಿಯಮ. ಬಾಟ್ಯುಲಿಸಂ ಎಂಬ ಇನ್ನೊಂದು ಲಕ್ವದ ವಿಷಕ್ಕೆ ಕುದುರೆಯಿಂದ ಮಾಡಿದ ಪ್ರತಿವಿಷ 2013ರಲ್ಲಿ ಒಪ್ಪಿಗೆ ಪಡೆದದ್ದು ಇದೇ ದಾರಿಯಲ್ಲಿ. ಅಂದರೆ ಬಾಗಿಲು ತೆರೆದಿದೆ. ಒಳಗೆ ಹೋಗುವವರಿಲ್ಲ.

ಹಣವೇ ಇರಲಿಲ್ಲ ಅನ್ನಬೇಡಿ. ಈ ವಿಷವನ್ನು ತಯಾರಿಸಿ ಇಟ್ಟುಕೊಳ್ಳಲು ಹಣ ಇತ್ತು. 1960ರಲ್ಲಿ ಸೋವಿಯತ್ ನೆಲದ ಮೇಲೆ ಹಾರಿದ ಅಮೆರಿಕದ ಯು-2 ಬೇಹುಗಾರಿಕೆ ವಿಮಾನದ ಪೈಲಟ್ ಗ್ಯಾರಿ ಪವರ್ಸ್ ಬಳಿ ಬೆಳ್ಳಿ ಡಾಲರಿನೊಳಗೆ ಬಚ್ಚಿಟ್ಟ ಒಂದು ಸೂಜಿ ಇತ್ತು, ಅದಕ್ಕೆ ಹಚ್ಚಿದ್ದು ಇದೇ ಸ್ಯಾಕ್ಸಿಟಾಕ್ಸಿನ್. ಇಂಥ ವಿಷಗಳನ್ನೆಲ್ಲ ನಾಶಮಾಡಿ ಅಂತ ಅಧ್ಯಕ್ಷ ನಿಕ್ಸನ್ ಆದೇಶ ಕೊಟ್ಟ ಮೇಲೂ ಅಮೆರಿಕದ ಗೂಢಚರ್ಯೆ ಸಂಸ್ಥೆ ಸಿಐಎ ಸುಮಾರು 11 ಗ್ರಾಂ ಇಟ್ಟುಕೊಂಡಿದ್ದು 1975ರಲ್ಲಿ ಸೆನೆಟ್ ವಿಚಾರಣೆಯಲ್ಲಿ ಬಯಲಾಯಿತು. ಮಿಲಿಗ್ರಾಂ ಲೆಕ್ಕದಲ್ಲಿ ಕೊಲ್ಲುವ ವಿಷ, 11 ಗ್ರಾಂ! ಈಗ ಅದು ರಾಸಾಯನಿಕ ಅಸ್ತ್ರಗಳ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ಕೊಲ್ಲುವ ಬಗೆಗೆ ಅಷ್ಟು ತಲೆ ಓಡಿಸಿದವರು ಉಳಿಸುವ ಬಗೆಗೆ ಅರ್ಧದಷ್ಟಾದರೂ ಓಡಿಸಬೇಕಿತ್ತು.

ಲಾಭವೇ ಬೇಕು ಅನ್ನುವವರಿಗೆ ಇನ್ನೊಂದು ಮಾತು. ಇದೇ ಕುಟುಂಬದ ನಿಯೋಸ್ಯಾಕ್ಸಿಟಾಕ್ಸಿನ್‌ನ್ನು ಶಸ್ತ್ರಚಿಕಿತ್ಸೆಯಲ್ಲಿ ಜಾಗ ಮರಗಟ್ಟಿಸುವ ಔಷಧವಾಗಿ ಮನುಷ್ಯರಲ್ಲಿ ಪರೀಕ್ಷಿಸಿದ್ದಾರೆ, ಅದರ ಪರಿಣಾಮ ಬಹಳ ಹೊತ್ತು ಉಳಿಯುತ್ತದೆ ಅನ್ನುವ ಕಾರಣಕ್ಕೆ. ಆ ಔಷಧ ಮಾರುಕಟ್ಟೆಗೆ ಬಂದರೆ, ಡೋಸ್ ತಪ್ಪಿದಾಗ ಇಳಿಸುವ ಮದ್ದು ಪಕ್ಕದಲ್ಲಿ ಇರಬೇಡವೇ? ಚಿಪ್ಪುಮೀನು ತಿಂದವರಿಗೆ ಮಾಡದಿದ್ದರೆ ಬೇಡ, ಆಪರೇಷನ್ ಥಿಯೇಟರಿಗಾಗಿಯಾದರೂ ಮಾಡಿ. ನಮಗೂ ಸಿಗುತ್ತದೆ.

ತಡೆಗಟ್ಟುವುದೇ ಮೇಲು ಎಂದು ನೀವು ಹೇಳುತ್ತೀರಿ, ನಿಜ. ನೂರು ಗ್ರಾಂ ಮಾಂಸದಲ್ಲಿ 80 ಮೈಕ್ರೋಗ್ರಾಂ ದಾಟಿದರೆ ಮಾರಾಟ ನಿಲ್ಲಿಸಬೇಕೆಂಬ ಮಿತಿ ಬಹಳ ದೇಶಗಳಲ್ಲಿದೆ. ಅದು ಎಷ್ಟೋ ಜೀವ ಉಳಿಸಿದೆ. ಆದರೆ ಮಾರುಕಟ್ಟೆಗೆ ಬಾರದೆ ತೀರದಿಂದ ನೇರ ಅಡುಗೆಮನೆಗೆ ಹೋಗುವ ಚಿಪ್ಪಿಗೆ ಯಾವ ಮಿತಿ? ಪಚ್ಚಿಲೆ ಕೆಲವು ವಾರಗಳಲ್ಲಿ ವಿಷ ಕಳೆದುಕೊಳ್ಳಬಹುದು. ಅಲಾಸ್ಕದ ಬಟರ್ ಕ್ಲಾಮ್ ಎಂಬ ಚಿಪ್ಪು ಎರಡು ವರ್ಷದವರೆಗೂ ಇಟ್ಟುಕೊಳ್ಳಬಲ್ಲದು, ಸ್ಯಾಕ್ಸಿಟಾಕ್ಸಿನ್‌ಗೆ ಹೆಸರು ಬಂದದ್ದೇ ಅದರ ಲ್ಯಾಟಿನ್ ಹೆಸರಿನಿಂದ. ಬಲೆ ಎಷ್ಟೇ ಸಣ್ಣ ಕಣ್ಣಿನದಾದರೂ ಕೆಲವರು ನುಸುಳಿ ಬರುತ್ತಾರೆ. ಅವರಿಗಾಗಿ ನಾನು ಕೇಳುತ್ತಿರುವುದು.

ನಿಮ್ಮ ಕರಪತ್ರಗಳಲ್ಲಿ 'ಇದಕ್ಕೆ ಪ್ರತಿವಿಷ ಇಲ್ಲ' ಎಂಬ ಆ ಸಾಲಿದ್ದರೆ ಬದಲಿಸಿ. 'ಪ್ರತಿವಿಷ ಇನ್ನೂ ಇಲ್ಲ, ಆದರೆ ಉಸಿರು ಕಾಪಾಡಿದರೆ ರೋಗಿ ಉಳಿಯುತ್ತಾರೆ, ಕೂಡಲೇ ಆಸ್ಪತ್ರೆಗೆ ಬನ್ನಿ' ಎಂದು ಬರೆಯಿರಿ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಕಡಲಿಗೆ ಹತ್ತಿರವಿರುವ ಸಣ್ಣ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಆಂಬು ಬ್ಯಾಗ್ ಒತ್ತುವುದನ್ನು ಕೈಹಿಡಿದು ಕಲಿಸಿ, ಬರೀ ವಿಡಿಯೋ ತೋರಿಸಿ ಸಹಿ ಹಾಕಿಸಿಕೊಳ್ಳಬೇಡಿ. ರೋಗಿಯ ಮೂತ್ರ, ತಿಂದು ಉಳಿದ ಚಿಪ್ಪು ಎರಡನ್ನೂ ತೆಗೆದಿಡಲು ಹೇಳಿ. ರೋಗ ಖಚಿತವಾಗುವುದು ಅದರಿಂದಲೇ, ಮುಂದೆ ಮದ್ದು ಹುಡುಕುವವರಿಗೂ ಅದು ಬೇಕು. ಇನ್ನು ಹಣ ಹಂಚುವವರು ಕತ್ತೆಯನ್ನೂ ಕಪ್ಪೆಯನ್ನೂ ಮತ್ತೊಮ್ಮೆ ನೋಡಿ, 4-ಅಮಿನೋಪಿರಿಡಿನ್‌ನ ಹಳೆಯ ವರದಿಯ ದೂಳು ಒರೆಸಿ.

ನನ್ನದೊಂದು ಪ್ರಶ್ನೆ ಇದೆ, ಉತ್ತರ ಬರೆದು ಕಳಿಸಿ. ನಿಮ್ಮ ವ್ಯಾಪ್ತಿಯಲ್ಲಿ ಕಡಲಿಗೆ ಅತಿ ಹತ್ತಿರ, ದೊಡ್ಡ ಆಸ್ಪತ್ರೆಗೆ ಅತಿ ದೂರ ಇರುವ ಆರೋಗ್ಯ ಕೇಂದ್ರ ಯಾವುದು? ಅಲ್ಲಿ ಮಕ್ಕಳ ಮಾಸ್ಕ್ ಇರುವ ಆಂಬು ಬ್ಯಾಗ್ ಎಷ್ಟಿವೆ? ದಾಖಲೆ ಪುಸ್ತಕ ನೋಡಿ ಹೇಳಬೇಡಿ. ಯಾರನ್ನಾದರೂ ಕಳಿಸಿ, ಕಪಾಟು ತೆಗೆಸಿ, ಎಣಿಸಿ ಹೇಳಿ.

ಇಂತಿ,
ತೀವ್ರ ನಿಗಾ ಘಟಕದಲ್ಲಿ ದುಡಿದ ಒಬ್ಬ ನರ್ಸ್